ಹೈಸ್ಕೂಲಿನಲ್ಲಿ ಹದಿಹರೆಯದ ಶಿಕ್ಷಣ: ಬೇಕೋ ಬೇಡವೋ?



ಸಂಘದ ಸಭೆಯಲ್ಲಿ ಉಳಿತಾಯ, ಸಾಲ, ಮರುಪಾವತಿ ಎಲ್ಲದರ ಬಗ್ಗೆ ನಾವು ಧೈರ್ಯವಾಗಿ ಮಾತಾಡುತ್ತೇವೆ. ಆದರೆ ಶಾಲೆಯಲ್ಲಿ ಮಕ್ಕಳಿಗೆ ದೇಹದ ಬದಲಾವಣೆ, ಹುಡುಗ-ಹುಡುಗಿಯರ ಸಂಬಂಧ ಇವುಗಳ ಪಾಠ ಮಾಡ್ತಾರಂತೆ ಎಂದರೆ ಸಾಕು, ಕೆಲವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ. "ಇದನ್ನೆಲ್ಲ ಹೇಳಿಕೊಟ್ರೆ ಮಕ್ಕಳು ಕೆಟ್ಟು ಹೋಗಲ್ವಾ?" ಎಂದು ಕೇಳುತ್ತಾರೆ. ತಾಯಂದಿರ ಈ ಭಯ ನಿಜವಾದದ್ದು. ಅದಕ್ಕೆ ಸರಿಯಾದ ಉತ್ತರ ಸಿಗಬೇಕು.

ಇದೇ ಭಯದಿಂದ ಹಿಂದೊಮ್ಮೆ ದೊಡ್ಡ ಗಲಾಟೆಯೇ ಆಯಿತು. 2005ರ ಸುಮಾರಿಗೆ ಕೇಂದ್ರ ಸರ್ಕಾರವು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಜೊತೆ ಸೇರಿ ಪ್ರೌಢಶಾಲೆಗಳಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಂದಿತು. ಶಿಕ್ಷಕರಿಗೆ ಕೊಟ್ಟ ಸಾಮಗ್ರಿಯಲ್ಲಿದ್ದ ಚಿತ್ರಗಳು ಸರಿಯಿಲ್ಲವೆಂದು ವಿರೋಧ ಎದ್ದಿತು. 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ಬೇಡವೆಂದವು. ಆಮೇಲೆ ಆ ಸಾಮಗ್ರಿಯನ್ನು ತಿದ್ದಿದರು. ಆದರೆ ಚಿತ್ರದ ಜಗಳದಲ್ಲಿ ಮಕ್ಕಳ ಪ್ರಶ್ನೆಗಳು ಮಾತ್ರ ಮೂಲೆ ಸೇರಿದವು. ಇವತ್ತು ಆ ಪ್ರಶ್ನೆಗಳಿಗೆ ಮೊಬೈಲು ಉತ್ತರ ಕೊಡುತ್ತಿದೆ. ಅದರಲ್ಲಿ ಬರುವ ಚಿತ್ರಗಳನ್ನು ತಿದ್ದುವವರು ಯಾರು?

ಮಕ್ಕಳಿಗೆ ಈ ವಿಷಯ ಹೇಳುವ ದಾರಿ ಒಂದೇ ಅಲ್ಲ. ಹೆದರಿಸಿ ಹೇಳುವುದು ಒಂದು: ಹುಡುಗರ ಜೊತೆ ಮಾತಾಡಿದರೆ ಕಾಲು ಮುರೀತೀನಿ ಅನ್ನುವುದು. ಇದು ನಮಗೆಲ್ಲ ಗೊತ್ತಿರುವ ದಾರಿ. ಹೆದರಿದ ಮಗು ತಪ್ಪು ಮಾಡುವುದಿಲ್ಲ ಅಂತೇನಿಲ್ಲ, ಆದರೆ ತೊಂದರೆ ಆದಾಗ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಇನ್ನೊಂದು, ಬರೀ ವಿಜ್ಞಾನದ ಪಾಠ. ಹತ್ತನೇ ತರಗತಿ ಪುಸ್ತಕದಲ್ಲಿ ಸಂತಾನೋತ್ಪತ್ತಿ ಪಾಠ ಇದೆ. ಅಂಗಗಳ ಹೆಸರು ಬರೆದು ಅಂಕ ತೆಗೆಯಬಹುದು. ಎಷ್ಟೋ ಕಡೆ ಅದನ್ನೂ "ಮನೇಲಿ ಓದ್ಕೊಳ್ಳಿ" ಎಂದು ಬಿಟ್ಟುಬಿಡುತ್ತಾರೆ.

ಮೂರನೆಯದು ಜೀವನ ಕೌಶಲ್ಯದ ದಾರಿ. ವಿಶ್ವ ಆರೋಗ್ಯ ಸಂಸ್ಥೆ ಇಂಥ 10 ಕೌಶಲ್ಯಗಳನ್ನು ಹೇಳಿದೆ. ತನ್ನನ್ನು ತಾನು ಅರಿಯುವುದು, ಯೋಚಿಸಿ ತೀರ್ಮಾನ ಮಾಡುವುದು, ಸಿಟ್ಟು-ದುಃಖವನ್ನು ನಿಭಾಯಿಸುವುದು, ಇನ್ನೊಬ್ಬರ ನೋವು ತಿಳಿಯುವುದು ಇವೆಲ್ಲ ಅದರಲ್ಲಿ ಸೇರಿವೆ. ಇಲ್ಲಿ ಟೀಚರ್ ಭಾಷಣ ಮಾಡುವುದಿಲ್ಲ. ಒಂದು ಸಂದರ್ಭ ಕೊಡುತ್ತಾರೆ: ಗೆಳೆಯನೊಬ್ಬ ನಿನ್ನ ಫೋಟೋ ಕಳಿಸು ಅಂತ ಪೀಡಿಸ್ತಾನೆ, ಏನು ಮಾಡ್ತೀಯ? ಮಕ್ಕಳು ಗುಂಪಿನಲ್ಲಿ ಚರ್ಚಿಸಿ, ಅಭಿನಯಿಸಿ ತೋರಿಸುತ್ತಾರೆ. ಪ್ರಶ್ನೆ ಪೆಟ್ಟಿಗೆ ಇಡುವುದೂ ಉಂಟು. ಹೆಸರು ಬರೆಯದೆ ಚೀಟಿ ಹಾಕಬೇಕು, ಮುಂದಿನ ತರಗತಿಯಲ್ಲಿ ಉತ್ತರ ಸಿಗುತ್ತದೆ. ಮುಟ್ಟಾದಾಗ ಆಟ ಆಡಬಹುದಾ? ನನಗೆ ಇನ್ನೂ ಯಾಕೆ ಮೀಸೆ ಬಂದಿಲ್ಲ? ಇಂಥ ಸಣ್ಣ ಪ್ರಶ್ನೆಯೇ ಮಗುವಿನ ಮನಸ್ಸಿನಲ್ಲಿ ಬೆಟ್ಟದಷ್ಟು ಭಾರವಾಗಿರುತ್ತದೆ. (ಮೊದಲ ಒಂದೆರಡು ವರ್ಷ ಮುಟ್ಟು ಹಿಂದೆ ಮುಂದೆ ಆಗುವುದು ಸಹಜ ಎಂದು ನಮಗೂ ಯಾರೂ ಹೇಳಿರಲಿಲ್ಲ, ಅಲ್ಲವೇ?)

ಇನ್ನು ಮಕ್ಕಳು ಕೆಡುವ ಮಾತು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ಯುನೆಸ್ಕೋ 2018ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯ ಪ್ರಕಾರ, ಇಂಥ ಶಿಕ್ಷಣದಿಂದ ಮಕ್ಕಳು ಬೇಗ ದಾರಿ ತಪ್ಪುತ್ತಾರೆ ಎಂಬುದಕ್ಕೆ ಆಧಾರವಿಲ್ಲ. ಧರ್ಮಸಭೆ ಇದಕ್ಕೆ ವಿರೋಧ ಎಂದು ತಿಳಿದವರೂ ಇದ್ದಾರೆ. ಹಾಗೇನಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲೇ ವಯಸ್ಸಿಗೆ ತಕ್ಕಂತೆ, ವಿವೇಕದಿಂದ ಮಕ್ಕಳಿಗೆ ಈ ಶಿಕ್ಷಣ ಸಿಗಬೇಕೆಂದು ಹೇಳಿತು. 2016ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಕುಟುಂಬದ ಕುರಿತು ಬರೆದ ಪತ್ರದಲ್ಲಿ ಇದನ್ನೇ ಮತ್ತೆ ಎತ್ತಿ ಹೇಳಿದರು. ಲಜ್ಜೆಯನ್ನೂ ಕಾಪಾಡಬೇಕು, ತಿಳಿವಳಿಕೆಯನ್ನೂ ಕೊಡಬೇಕು ಎಂಬುದು ಅವರ ನಿಲುವು.

ಕಾನೂನಿನ ವಿಷಯವಂತೂ ಗಂಡುಮಕ್ಕಳ ತಾಯಂದಿರೂ ಕೇಳಿಸಿಕೊಳ್ಳಬೇಕು. 2012ರ ಪೋಕ್ಸೋ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಹುಡುಗಿ ಒಪ್ಪಿದ್ದಳು, ಪ್ರೀತಿ ಮಾಡ್ತಿದ್ರು ಎಂದರೂ ಹುಡುಗನ ಮೇಲೆ ಕೇಸು ಬೀಳುತ್ತದೆ. ಇದು ಗೊತ್ತಿಲ್ಲದೆ ಹುಡುಗರು ಜೈಲಿಗೆ ಹೋಗುತ್ತಾರೆ. ಹುಡುಗಿಯರ ಮನೆಯಲ್ಲಿ "ಮಾನ ಹೋಗೋ ಮುಂಚೆ" ಎಂದು ಶಾಲೆ ಬಿಡಿಸಿ ಮದುವೆ ಮಾಡುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24 ವರ್ಷದ 100 ಹೆಣ್ಣುಮಕ್ಕಳಲ್ಲಿ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು.

2020ರಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಟ್ಟು 11 ವಿಷಯಗಳನ್ನು ಹೇಳಿಕೊಡಬೇಕು. ಪೌಷ್ಟಿಕತೆ, ಭಾವನೆಗಳು, ಪರಸ್ಪರ ಸಂಬಂಧ, ಗಂಡು-ಹೆಣ್ಣಿನ ಸಮಾನತೆ, ದುಶ್ಚಟ ತಡೆ, ಇಂಟರ್ನೆಟ್ಟಿನ ಸುರಕ್ಷಿತ ಬಳಕೆ ಎಲ್ಲವೂ ಅದರಲ್ಲಿವೆ. ಕಾಗದದ ಮೇಲೆ ಚೆನ್ನಾಗಿದೆ. ನಮ್ಮೂರ ಶಾಲೆಯಲ್ಲಿ ನಡೆಯುತ್ತಿದೆಯೇ ಎಂದು ಕೇಳಬೇಕಾದವರು ನಾವು. ಪೋಷಕರ ಸಭೆಗೆ ಒಬ್ಬರೇ ಹೋಗಿ ಕೇಳಲು ಸಂಕೋಚವಾದರೆ ಸಂಘದ ನಾಲ್ಕು ಜನ ಒಟ್ಟಿಗೆ ಹೋಗಿ. ಆ ಇಬ್ಬರು ಶಿಕ್ಷಕರು ಯಾರು, ಯಾವ ದಿನ ಪಾಠ, ಹುಡುಗರಿಗೂ ಇದೆಯೇ ಎಂದು ಕೇಳಿ. ಹುಡುಗಿಯರನ್ನು ಮಾತ್ರ ಕೂರಿಸಿ ಮುಟ್ಟಿನ ಬಗ್ಗೆ ಹೇಳಿ ಮುಗಿಸಿದರೆ ಅರ್ಧ ಪಾಠ ಮಾತ್ರ ಆಯಿತು.

ಆಪ್ತ ಸಲಹೆ ಬೇಕಾದ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹತ್ತಿರದ್ದು ಎಲ್ಲಿ ಎಂದು ತಿಳಿಯುತ್ತದೆ. ಮಗುವಿಗೆ ಯಾರಿಂದಲಾದರೂ ಕಿರುಕುಳವಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಣ ಖರ್ಚಾಗುವುದಿಲ್ಲ. ಮಗುವೇ ಮಾಡಬಹುದು, ಪಕ್ಕದ ಮನೆಯವರೂ ಮಾಡಬಹುದು.