ಗ್ರಂಥಪಾಲಕನೆಂದರೆ ಯಾರು?

“ಪುಸ್ತಕ ಕಾಯೋದಕ್ಕೆ ಬಿ.ಎ. ಬೇಕೇನಪ್ಪಾ?”

ಪದವಿಯಾದ ಮೇಲೆ ಗ್ರಂಥಾಲಯ ವಿಜ್ಞಾನ ಓದುತ್ತೇನೆಂದಾಗ ನಮ್ಮ ತಂದೆಯವರು ಕೇಳಿದ ಪ್ರಶ್ನೆಯಿದು. ತಾತನವರು ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. 2001ರಲ್ಲಿ ಗಣಿಗಳು ಮುಚ್ಚಿದ ಬಳಿಕ ನಮ್ಮವರು ಬಂಗಾರಪೇಟೆಗೆ ಬಂದು ನೆಲೆಸಿದರು. ತಂದೆಯವರು ಈಗಲೂ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಅವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ನಿಜ ಹೇಳಬೇಕೆಂದರೆ, ಬಾಲ್ಯದಲ್ಲಿ ನಾನು ಕಂಡ ವಾಚನಾಲಯವೊಂದರಲ್ಲಿ ಪುಸ್ತಕಗಳೆಲ್ಲ ಗಾಜಿನ ಬೀರುವಿನೊಳಗಿದ್ದವು. ಬೀಗದ ಕೈ ಇಟ್ಟುಕೊಂಡವರು ರಜೆಯ ಮೇಲಿದ್ದರು. ಗ್ರಂಥಪಾಲಕನೆಂದರೆ ಅಷ್ಟೇ ಎಂದು ನಾನೂ ತಿಳಿದಿದ್ದೆ.

ಆ ತಿಳಿವಳಿಕೆಯನ್ನು ತಿದ್ದಿದುದು ಡಾ. ಎಸ್. ಆರ್. ರಂಗನಾಥನ್ ಅವರ ಜೀವನ. 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿದ ಇವರು ಮೊದಲು ಗಣಿತದ ಅಧ್ಯಾಪಕರು. 1917ರಲ್ಲಿ ಪಾಠ ಹೇಳತೊಡಗಿದುದು ನಮ್ಮಂಥದೇ ಸರ್ಕಾರಿ ಕಾಲೇಜಿನಲ್ಲಿ, ಮಂಗಳೂರಿನಲ್ಲಿ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಪ್ರಥಮ ಗ್ರಂಥಪಾಲಕರಾದರು. ಆದರೆ ವಾರ ಕಳೆಯುವುದರೊಳಗೆ ಆ ಏಕಾಂತಕ್ಕೆ ಬೇಸತ್ತು, ತಮ್ಮನ್ನು ಮರಳಿ ಕರೆದುಕೊಳ್ಳಿರೆಂದು ಹಳೆಯ ಕಾಲೇಜಿನ ಪ್ರಾಂಶುಪಾಲರ ಮುಂದೆ ನಿಂತರಂತೆ! ಇಂಗ್ಲೆಂಡಿನ ತರಬೇತಿ ಮುಗಿಸಿ ಬಂದ ಮೇಲೂ ಬೇಸರವಿದ್ದರೆ ನೋಡೋಣವೆಂಬ ಉತ್ತರ ದೊರೆಯಿತು.

ಲಂಡನ್ನಿನ ಅಂಗಡಿಯೊಂದರಲ್ಲಿ ಅವರು ಮೆಕ್ಯಾನೋ ಆಟಿಕೆಯನ್ನು ಕಂಡರು. ಅವೇ ಪಟ್ಟಿ, ಚಕ್ರ, ತಿರುಪುಗಳನ್ನು ಜೋಡಿಸಿ ಬಗೆಬಗೆಯ ವಸ್ತುಗಳನ್ನು ಮಾಡಬಹುದು. ಪುಸ್ತಕದ ವಿಷಯವನ್ನೂ ಹೀಗೆ ಬಿಡಿ ಅಂಶಗಳ ಜೋಡಣೆಯಿಂದ ಗುರುತಿಸಬಾರದೇಕೆ? ಗಣಿಯ ದೂಳಿನಿಂದ ಬರುವ ಕಾಯಿಲೆಯ ಬಗ್ಗೆ ಪುಸ್ತಕವೊಂದಿದೆಯೆನ್ನಿ. ಶ್ವಾಸಕೋಶ, ರೋಗ, ಊರು, ಕಾಲ, ಇವಕ್ಕೆ ಒಂದೊಂದು ಗುರುತು. ನಡುವೆ ಎರಡು ಚುಕ್ಕಿ. ತಾತನವರ ಕೆಮ್ಮಿನ ಕಾರಣ ಹುಡುಕುವವನಿಗೆ ಆ ಪುಸ್ತಕ ಕ್ಷಣದಲ್ಲಿ ಸಿಗಬೇಕು. 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣದ ಮೂಲ ಇದೇ.

ಅದಕ್ಕೂ ಮುಂಚೆ, 1931ರಲ್ಲಿ, ಗ್ರಂಥಾಲಯದ ಐದು ಸೂತ್ರಗಳನ್ನು ಕುರಿತ ಅವರ ಗ್ರಂಥ ಬಂದಿತ್ತು. ಪುಸ್ತಕಗಳಿರುವುದು ಬಳಕೆಗೆ ಎಂಬುದು ಮೊದಲನೆಯದು. ಗಾಜಿನ ಬೀರು ಅಲ್ಲಿಗೇ ಸೋತಿತು. ಪ್ರತಿ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬ ಎರಡನೆಯದು ನೋಡಲು ಸುಲಭ, ನಡೆಸಲು ಕಷ್ಟ. ರಾಬರ್ಟ್‌ಸನ್ ಪೇಟೆಯಲ್ಲಿ ನಮ್ಮ ಅಜ್ಜಿಯಿರುವ ಬೀದಿಯನ್ನೇ ತೆಗೆದುಕೊಳ್ಳಿ. ಅಜ್ಜಿ ಓದಬಲ್ಲುದು ತಮಿಳು ಮಾತ್ರ. ಎದುರು ಮನೆಯವರದು ತೆಲುಗು, ಪಕ್ಕದವರದು ಉರ್ದು, ಶಾಲೆಯ ಮಕ್ಕಳದು ಕನ್ನಡ. ಕೆಲಸವಿಲ್ಲದ ಅಣ್ಣಂದಿರಿಗೆ ಸ್ಪರ್ಧಾ ಪರೀಕ್ಷೆಯ ಪುಸ್ತಕ ಬೇಕು. ಬೀದಿಯನ್ನು ಅರಿಯದವನು ಇಲ್ಲಿಗೆ ಪುಸ್ತಕ ತರಿಸುವುದು ಹೇಗೆ? ಓದುಗರು ಬರಲೆಂದು ಕಾದು ಕೂರುವುದೂ ಸಲ್ಲದು. 1931ರಲ್ಲೇ ಮನ್ನಾರ್‌ಗುಡಿಯ ಸುತ್ತಿನ ಹಳ್ಳಿಗಳಿಗೆ ಪುಸ್ತಕಗಳು ಎತ್ತಿನ ಗಾಡಿಯಲ್ಲಿ ಹೊರಟಿದ್ದವು.

ಇಷ್ಟಕ್ಕೆಲ್ಲ ಹಣವೆಲ್ಲಿಂದ? ದಾನದಿಂದ ನಡೆಯುವ ಗ್ರಂಥಾಲಯ ದಾನಿಯೊಡನೆಯೇ ಮುಗಿಯುತ್ತದೆ. ಆದುದರಿಂದ ರಂಗನಾಥನ್ ಅವರು ಗ್ರಂಥಾಲಯಕ್ಕೆ ಕಾನೂನಿನ ಆಧಾರವಿರಬೇಕೆಂದು ಹಟ ಹಿಡಿದರು. ಮದರಾಸಿನಲ್ಲಿ 1948ರಲ್ಲಿ, ನಮ್ಮ ಮೈಸೂರು ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ಬಂತು. ಅಷ್ಟು ಹೊತ್ತಿಗೆ ಅವರು ಬೆಂಗಳೂರಿನಲ್ಲಿಯೇ ನೆಲೆಸಿ, 1962ರಲ್ಲಿ ಸಂಶೋಧನೆ ಹಾಗೂ ತರಬೇತಿ ಕೇಂದ್ರವೊಂದನ್ನು ಆರಂಭಿಸಿದ್ದರು. ಜೀವಮಾನದ ಉಳಿತಾಯದಿಂದ ಒಂದು ಲಕ್ಷ ರೂಪಾಯಿಯನ್ನು ಪತ್ನಿ ಶಾರದಾ ಅವರ ಹೆಸರಿನಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟಿದ್ದರು. 1972ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಆ ಕಾನೂನಿನಂತೆ ಆಸ್ತಿ ತೆರಿಗೆಯ ಮೇಲೆ ಈಗ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರವಿದೆ. ವಸೂಲಾದುದನ್ನು ಸ್ಥಳೀಯ ಸಂಸ್ಥೆಗಳಿಂದ ಕೇಳಿ ಪಡೆಯುವುದು, ಯಾವ ಬಡಾವಣೆಗೆ ಶಾಖೆ ಬೇಕೆಂದು ನಿರ್ಧರಿಸುವುದು, ಪುಸ್ತಕ ಆರಿಸುವುದು, ಸಿಬ್ಬಂದಿಯನ್ನು ನಡೆಸುವುದು, ಇವೆಲ್ಲ ಗ್ರಂಥಾಲಯದ ಮುಖ್ಯಸ್ಥನ ಪಾಲಿನ ಕೆಲಸಗಳೇ. ಬೀಗದ ಕೈ ಇವುಗಳಲ್ಲಿ ಎಷ್ಟನೆಯದೋ!

ಮೊನ್ನೆ ನಮ್ಮ ಮನೆಯ ತೆರಿಗೆ ರಸೀದಿಯಲ್ಲಿ ಆ ಸಾಲನ್ನು ತಂದೆಯವರಿಗೆ ತೋರಿಸಿದೆ. ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ನೋಡಿದರು. “ಹಾಗಾದರೆ ಆ ಬೀರುವಿನಲ್ಲಿ ನಮ್ಮ ದುಡ್ಡೂ ಇದೆ ಅನ್ನು” ಎಂದರು. ಅರ್ಜಿಯ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ.