ಮುಂಬೈ ಮನೆಗಳ ಖೀಮಾ ಮ್ಯಾಕರೋನಿ

ದಾವೂದಿ ಬೋಹ್ರಾ ಮುಸ್ಲಿಮರ ಮನೆಗಳಲ್ಲಿ ಊಟ ಶುರುವಾಗುವುದು ಒಂದು ಚಿಟಿಕೆ ಉಪ್ಪಿನಿಂದ. ನೆಲಕ್ಕೆ ಹಾಸಿದ ಬಟ್ಟೆ, ಅದರ ಮೇಲೊಂದು ಸಣ್ಣ ಪೀಠ, ಪೀಠದ ಮೇಲೆ ದೊಡ್ಡ ದುಂಡನೆಯ ಥಾಲ್, ಸುತ್ತ ಏಳೆಂಟು ಜನ. ಎಲ್ಲರ ನಾಲಿಗೆಗೂ ಉಪ್ಪು ತಾಗಿದ ಮೇಲೆಯೇ ಸಿಹಿ, ಸಿಹಿಯ ಹಿಂದೆ ಖಾರ, ಖಾರದ ಹಿಂದೆ ಮತ್ತೆ ಸಿಹಿ. ಆ ಖಾರದ ಸಾಲಿನಲ್ಲಿ ಕೆಂಡದ ಹೊಗೆ ಕುಡಿದ ಖೀಮಾ ಸಮೋಸಾ, ರಷ್ಯನ್ ಕಟ್ಲೆಟ್, ಕ್ರೀಮ್ ಚಿಕನ್ ಬಂದುಹೋಗುತ್ತವೆ. ಒಮ್ಮೊಮ್ಮೆ, ಮಕ್ಕಳ ಹುಟ್ಟುಹಬ್ಬಕ್ಕೋ ರಜೆಯ ದಿನಕ್ಕೋ, ಗಾಜಿನ ಟ್ರೇಯೊಂದು ಬಂದು ಥಾಲ್‌ನ ನಡುವೆ ಕೂರುತ್ತದೆ.

ಮೇಲೆ ಕಂದುಗಟ್ಟಿದ ಚೀಸ್. ಚಮಚ ಒತ್ತಿದರೆ ಆ ಪದರ ಬಿರಿದು ಒಳಗಿನ ಬಿಳಿ ಸಾಸ್ ಇಣುಕುತ್ತದೆ. ಸಾಸಿನೊಳಗೆ ಕೊಕ್ಕೆಯಾಕಾರದ ಮ್ಯಾಕರೋನಿ, ಮ್ಯಾಕರೋನಿಯ ಕೆಳಗೆ ಹಸಿಮೆಣಸು, ಶುಂಠಿ, ಗರಂ ಮಸಾಲೆಯ ಘಾಟಿನ ಮಟನ್ ಖೀಮಾ. ಭೆಂಡಿ ಬಜಾರ್, ಡೋಂಗ್ರಿ, ಮಜಗಾಂವ್‌ನಿಂದ ಹಿಡಿದು ಮರೋಲ್, ಮುಂಬ್ರಾ, ಮೀರಾ ರೋಡ್‌ವರೆಗೆ ಇದಕ್ಕೆ ಖೀಮಾ ಮ್ಯಾಕರೋನಿ ಎಂದೇ ಹೆಸರು. ಬೋಹ್ರಾಗಳದ್ದು ಮಾತ್ರವಲ್ಲ, ಖೋಜಾ, ಮೇಮನ್ ಮನೆಗಳಲ್ಲೂ, ಪಾರ್ಸಿ ಮತ್ತು ಕ್ರೈಸ್ತ ಮನೆಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದು ಉಂಟು.

ಹೊಟೇಲಿನಲ್ಲಿ ಹುಡುಕಿದರೆ ಮಾತ್ರ ಇದು ಸಿಗುವುದು ಅಪರೂಪ. ಧೋಬಿ ತಲಾವ್‌ನಲ್ಲಿ 1904ರಿಂದ ನಡೆಯುತ್ತಿರುವ ಕ್ಯಾನಿ ಅಂಡ್ ಕಂಪನಿಯಾಗಲಿ, ಕೊಲಾಬಾದ ಒಲಿಂಪಿಯಾ ಆಗಲಿ, ಖೀಮಾ ಕೊಡುವುದು ಪಾವ್ ಜೊತೆಗೆ. ಪಂಚತಾರಾ ಹೊಟೇಲುಗಳ ಇಟಾಲಿಯನ್ ವಿಭಾಗಗಳು ಕೊಡುವುದು ಲಸಾನ್ಯಾ. ಇವೆರಡರ ನಡುವಿನ ಜಾಗದಲ್ಲಿ, ಮನೆಯ ಅಡುಗೆಮನೆಯಲ್ಲೇ ಬೆಳೆದ ತಿನಿಸು ಇದು. ಅದಕ್ಕೇ ಇದನ್ನು ಇಟಲಿಯ ನಕಲು ಎಂದು ಬದಿಗಿಡುವುದು ತಪ್ಪು. ಇಟಲಿಯ ಅಳತೆಗೋಲು ಇದಕ್ಕೆ ಹೊಂದುವುದೂ ಇಲ್ಲ.

ಇಟಲಿಯಲ್ಲಿ ಮಾಂಸದ ಸಾಸಿಗೆ ಕಟ್ಟುನಿಟ್ಟು ಹೆಚ್ಚು. ಬೊಲೊನ್ಯಾ ನಗರದ ವಾಣಿಜ್ಯ ಮಂಡಳಿಯಲ್ಲಿ 1982ರ ಅಕ್ಟೋಬರ್ 17ರಂದು ಅಲ್ಲಿನ ಪಾಕಶಾಸ್ತ್ರ ಅಕಾಡೆಮಿ ತಮ್ಮೂರಿನ ರಾಗು ಎಂಬ ಮಾಂಸದ ಸಾಸಿನ ವಿಧಾನವನ್ನು ಅಧಿಕೃತವಾಗಿ ದಾಖಲಿಸಿತು: ದನದ ಮಾಂಸ, ಹಂದಿಯ ಕೊಬ್ಬಿನ ಮಾಂಸ, ವೈನ್, ಹಾಲು. 2023ರಲ್ಲಿ ಅದನ್ನು ಪರಿಷ್ಕರಿಸಿ ಮತ್ತೆ ದಾಖಲಿಸಿದರು. ಮುಂಬೈಯ ಮುಸ್ಲಿಂ ಮನೆಯಲ್ಲಿ ಹಂದಿಯೂ ಇಲ್ಲ, ವೈನೂ ಇಲ್ಲ. ಮಹಾರಾಷ್ಟ್ರದಲ್ಲಿ 2015ರಿಂದ ಎತ್ತು, ಹೋರಿಗಳ ವಧೆಯೂ ನಿಷಿದ್ಧ. ಉಳಿದದ್ದು ಆಡು, ಕೋಳಿ, ಎಮ್ಮೆ. ಆಡಿನ ಮಾಂಸದ ಗುಣವೇ ಬೇರೆ. ಅದಕ್ಕೆ ಶುಂಠಿ, ಬೆಳ್ಳುಳ್ಳಿ, ಲವಂಗ ಬೇಕು. ಹೀಗೆ ತಳದ ಪದರದಲ್ಲೇ ದಾರಿ ಬೇರೆಯಾಯಿತು.

ಹತ್ತಿರದ ನೆಂಟರನ್ನು ಹುಡುಕುವುದಾದರೆ ಪೂರ್ವ ಮೆಡಿಟರೇನಿಯನ್ ಕಡೆ ನೋಡಬೇಕು. ಗ್ರೀಸಿನ ಪಾಸ್ಟಿಟ್ಸಿಯೊ, ಈಜಿಪ್ಟಿನ ಮಕರೋನಾ ಬೆಶಮೆಲ್, ಎರಡರಲ್ಲೂ ಕೊಳವೆ ಮ್ಯಾಕರೋನಿ, ಮಸಾಲೆ ಹಾಕಿದ ಖೀಮಾ, ಮೇಲೆ ದಪ್ಪ ಬಿಳಿ ಸಾಸ್. ಗ್ರೀಸಿನ ಪಾಸ್ಟಿಟ್ಸಿಯೊಗೆ ಆ ಫ್ರೆಂಚ್ ಸಾಸಿನ ಹೊದಿಕೆ ಬಂದದ್ದು ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ, ನಿಕೊಲಾಸ್ ತ್ಸೆಲೆಮೆಂಟೆಸ್ ಎಂಬ ಬಾಣಸಿಗರ ಪುಸ್ತಕಗಳ ಮೂಲಕ. ಬೋಹ್ರಾಗಳಿಗೂ ಕೈರೋಗೂ ಹಳೆಯ ನಂಟು. ಅವರ ಪರಂಪರೆಯ ಬೇರು ಅಲ್ಲಿನ ಫಾತಿಮಿ ಆಳ್ವಿಕೆಯಲ್ಲಿದೆ. ಕೈರೋದ ಅಲ್ ಹಾಕಿಂ ಮಸೀದಿಯನ್ನು 1980ರಲ್ಲಿ ಜೀರ್ಣೋದ್ಧಾರ ಮಾಡಿದವರೂ ಅವರ ಧರ್ಮಗುರುಗಳೇ. ತಿನಿಸೂ ಆ ದಾರಿಯಲ್ಲೇ ಬಂತು ಎನ್ನಲು ಆಧಾರ ಬೇಕು. ಆದರೆ ಕೈರೋದ ಟ್ರೇಯನ್ನೂ ಮುಂಬೈಯ ಟ್ರೇಯನ್ನೂ ಅಕ್ಕಪಕ್ಕ ಇಟ್ಟರೆ ಅಕ್ಕತಂಗಿಯರಂತೆ ಕಾಣುತ್ತವೆ.

ಮುಂಬೈಗೆ ಇಟಲಿಯವರು ಬಾರದೆ ಇರಲಿಲ್ಲ. ಇವತ್ತು ಕೇಕಿಗೆ ಹೆಸರಾದ ಮೊಂಜಿನಿಸ್, ಫೋರ್ಟ್ ಪ್ರದೇಶದಲ್ಲಿ ಇಬ್ಬರು ಇಟಾಲಿಯನ್ ಸಹೋದರರು ನಡೆಸುತ್ತಿದ್ದ ಅಂಗಡಿ. ಸ್ವಾತಂತ್ರ್ಯದ ನಂತರ ಅದು ಖೋರಾಕಿವಾಲಾ ಕುಟುಂಬದ ಕೈಸೇರಿತು, ಅದೂ ಒಂದು ಬೋಹ್ರಾ ಕುಟುಂಬ. ಚರ್ಚ್‌ಗೇಟ್‌ನಲ್ಲಿ 1956ರಲ್ಲಿ ತೆರೆದ ಗೇಲಾರ್ಡ್‌ನಂಥ ಹೊಟೇಲುಗಳು ಬೇಕ್ ಮಾಡಿದ ಬಿಳಿ ಸಾಸಿನ ತಿನಿಸುಗಳನ್ನು ಮಧ್ಯಮ ವರ್ಗಕ್ಕೆ ಪರಿಚಯಿಸಿದವು. ಅವನ್ನು ಮನೆಯೊಳಗೆ ತಂದವರು ಮಾತ್ರ ಅಡುಗೆ ಕ್ಲಾಸು ನಡೆಸಿದ ಹೆಂಗಸರು. ಅವರಲ್ಲಿ ತರ್ಲಾ ದಲಾಲ್ ಹೆಸರು ದೊಡ್ಡದು. 1966ರಲ್ಲಿ ಮನೆಯಲ್ಲೇ ಕ್ಲಾಸು ಆರಂಭಿಸಿದ ಅವರ ಮೊದಲ ಪುಸ್ತಕ ಬಂದದ್ದು 1974ರಲ್ಲಿ. 2007ರಲ್ಲಿ ಪದ್ಮಶ್ರೀ ಬಂತು. ಮುಂಬೈಯ ಗುಜರಾತಿ ಮನೆಗಳ ಪಾರ್ಟಿಗೆ ಅನಾನಸು ಹಾಕಿದ ಬೇಕ್ಡ್ ಮ್ಯಾಕರೋನಿ ಇಲ್ಲದೆ ಕಳೆ ಕಟ್ಟುತ್ತಿರಲಿಲ್ಲ. ಸಸ್ಯಾಹಾರಿ ಮನೆಯ ಅನಾನಸಿನ ಟ್ರೇಯೂ ಮಾಂಸಾಹಾರಿ ಮನೆಯ ಖೀಮಾದ ಟ್ರೇಯೂ ಒಂದೇ ಬಿಳಿ ಸಾಸಿನ ಮಕ್ಕಳು.

ಇನ್ನು ಚೀಸ್. ಇದರ ಕಥೆಯೂ ಮುಂಬೈಯ ಬಾಯಾರಿಕೆಯಿಂದಲೇ ಶುರು. 1945ರಲ್ಲಿ ಬಾಂಬೆ ಹಾಲು ಯೋಜನೆಗೆ ಗುಜರಾತಿನ ಖೇಡಾ ಜಿಲ್ಲೆಯಿಂದ ಹಾಲು ತರುವ ಗುತ್ತಿಗೆ ಪಾಲ್ಸನ್ ಕಂಪನಿಯೊಂದಕ್ಕೇ ಸಿಕ್ಕಿತು. ರೈತರಿಗೆ ಸರಿಯಾದ ಬೆಲೆ ಸಿಗಲಿಲ್ಲ. ಹಾಲು ಕೊಡುವುದಿಲ್ಲವೆಂದು ಅವರು ಮುಷ್ಕರ ಹೂಡಿದರು. ಅದರಿಂದ 1946ರ ಡಿಸೆಂಬರ್‌ನಲ್ಲಿ ಹುಟ್ಟಿದ ಸಹಕಾರ ಸಂಘವೇ ಮುಂದೆ ಅಮುಲ್ ಆಯಿತು. ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂದು ಹೊರದೇಶದ ಪರಿಣತರು ಹೇಳುತ್ತಿದ್ದಾಗ ಡೇರಿ ತಂತ್ರಜ್ಞ ಎಚ್.ಎಂ. ದಲಾಯಾ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಆನಂದ್‌ನಲ್ಲಿ ಕಾರ್ಖಾನೆ ತೆರೆಯಿತು. ಅದೇ ಎಮ್ಮೆ ಹಾಲು ಚೀಸ್ ಕೂಡ ಆಯಿತು. ಮುಂಬೈಯಲ್ಲಿ ದೋಸೆಗೂ ಸ್ಯಾಂಡ್‌ವಿಚ್‌ಗೂ ಪಾವ್ ಭಾಜಿಗೂ ತುರಿಯುವುದು ಅದೇ ಸಂಸ್ಕರಿಸಿದ ಚೀಸಿನ ಕ್ಯೂಬನ್ನು. ಮ್ಯಾಕರೋನಿಯ ಮೇಲೂ ಅದೇ.

ಸಂಸ್ಕರಿಸಿದ ಚೀಸ್ ಎಂದರೆ ಮೂಗು ಮುರಿಯುವವರಿದ್ದಾರೆ. ಈ ತಿನಿಸಿನ ಮಟ್ಟಿಗೆ ಅದು ಅನ್ಯಾಯ. ಹಳೆಯ ಚೆಡ್ಡಾರನ್ನು ಕಾಯಿಸಿದರೆ ಎಣ್ಣೆ ಬೇರೆ, ಗಂಟು ಬೇರೆ ಆಗುತ್ತದೆ. 1911ರಲ್ಲಿ ಸ್ವಿಟ್ಜರ್ಲೆಂಡಿನ ಇಬ್ಬರು, ಸಿಟ್ರೇಟ್ ಲವಣ ಬೆರೆಸಿ ಕಾಯಿಸಿದರೆ ಚೀಸಿನ ಕೊಬ್ಬು ಮತ್ತು ಪ್ರೋಟೀನು ಬೇರಾಗದೆ ಒಂದಾಗಿಯೇ ಕರಗುತ್ತವೆ ಎಂದು ಕಂಡುಕೊಂಡರು. ಕ್ಯೂಬಿನೊಳಗಿನ ಗುಟ್ಟು ಅದೇ. ಸಾಸಿನೊಳಗೆ ಕ್ಯೂಬ್ ತುರಿದು ಹಾಕಿದರೆ ಅದು ರೇಷ್ಮೆಯಂತೆ ಬೆರೆಯುತ್ತದೆ. ಎಳೆಯೆಳೆಯಾಗಿ ಬರಬೇಕೆಂದರೆ ಮೇಲ್ಪದರಕ್ಕೆ ಮೊಝರೆಲ್ಲಾ ಬೇಕು. ಎರಡನ್ನೂ ಬಳಸುವುದೇ ಜಾಣತನ: ಒಳಗೆ ಕ್ಯೂಬ್, ಮೇಲೆ ಮೊಝರೆಲ್ಲಾ.

ಮ್ಯಾಕರೋನಿಯೂ ಕನ್ನಡಿಗರಿಗೆ ಹೊಸದಲ್ಲ. ಪಾಸ್ತಾಕ್ಕೆ ಬೇಕಾದದ್ದು ಡ್ಯೂರಮ್ ಎಂಬ ಗಟ್ಟಿ, ಹಳದಿ ಗೋಧಿ. ವಿಜಯಪುರ, ಬೆಳಗಾವಿ, ಧಾರವಾಡದ ಎರೆ ಹೊಲಗಳಲ್ಲಿ ಮಳೆಯಾಶ್ರಯದಲ್ಲಿ ಬೆಳೆಯುವ ಗೋಧಿಗಳಲ್ಲಿ ಅದೂ ಒಂದು. ಅದರ ದಾಯಾದಿ ಜವೆ ಗೋಧಿಯ ಡಿಡಿಕೆ-1025, ಡಿಡಿಕೆ-1029 ತಳಿಗಳನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದೆ. ಉತ್ತರ ಕರ್ನಾಟಕದ ಅಜ್ಜಿಯರು ಮದುವೆಗೆ ಮುಂಚೆ ಕೂತು ಹೊಸೆಯುವ ಶಾವಿಗೆ, ಗವಲಿ, ಪರಡಿಗಳೂ ಪಾಸ್ತಾದ ಕುಲಕ್ಕೇ ಸೇರಿದವು. ಹಿಟ್ಟು ಕಲಸಿ, ರೂಪ ಕೊಟ್ಟು, ಒಣಗಿಸಿ, ಬೇಕಾದಾಗ ಬೇಯಿಸುವ ಅದೇ ವಿದ್ಯೆ. ಮೈದಾದ ಅಗ್ಗದ ಮ್ಯಾಕರೋನಿ ಓವನ್‌ನಲ್ಲಿ ಗಂಜಿಯಾಗುವುದೂ ಮೈದಾದ ಶಾವಿಗೆ ಪಾಯಸದಲ್ಲಿ ಕರಗಿಹೋಗುವುದೂ ಒಂದೇ ಕಾರಣಕ್ಕೆ. ಪೊಟ್ಟಣದ ಮೇಲೆ ಡ್ಯೂರಮ್ ಗೋಧಿಯ ರವೆ ಎಂದು ಬರೆದಿದೆಯೇ ನೋಡಿ ಕೊಳ್ಳಬೇಕು.

ಮಾಡುವ ಬಗೆಗೆ ಬರೋಣ. ಆರು ಜನಕ್ಕೆ ಅರ್ಧ ಕಿಲೋ ಖೀಮಾ, ಕಾಲು ಕಿಲೋ ಮ್ಯಾಕರೋನಿ ಸಾಕು. ಮಟನ್ ಅಂಗಡಿಯಲ್ಲಿ ಯಂತ್ರದ ಖೀಮಾ ಬೇಡ, ಕತ್ತಿಯಲ್ಲಿ ಕೊಚ್ಚಿದ್ದು ಕೊಡಿ ಎಂದು ಕೇಳಬೇಕು. ಯಂತ್ರದ್ದು ನುಣ್ಣಗಾಗಿ ಸಾಸಿನಲ್ಲಿ ಕಳೆದುಹೋಗುತ್ತದೆ. ಈರುಳ್ಳಿ ಕೆಂಪಾದ ಮೇಲೆ ಶುಂಠಿ ಬೆಳ್ಳುಳ್ಳಿ, ಹಸಿಮೆಣಸು, ಆಮೇಲೆ ಖೀಮಾ. ಖೀಮಾ ನೀರು ಬಿಡುತ್ತದೆ. ಆ ನೀರು ಪೂರ್ತಿ ಆರಿ, ಎಣ್ಣೆ ಬದಿಗೆ ಬಂದು, ಮಾಂಸ ತಳಕ್ಕೆ ಹಿಡಿಯುವ ಸದ್ದು ಕೇಳುವವರೆಗೆ ಕೈ ಬಿಡಬಾರದು. ಬಹಳ ಮನೆಗಳಲ್ಲಿ ತಿನಿಸು ಸೋಲುವುದು ಇಲ್ಲಿಯೇ: ನೀರಿರುವ ಖೀಮಾ ಟ್ರೇಯ ತಳದಲ್ಲಿ ಸಾರಾಗಿ ನಿಲ್ಲುತ್ತದೆ. ಕೆಂಪಗೆ ಹುರಿದ ಮೇಲೆ ಟೊಮೆಟೊ, ಗರಂ ಮಸಾಲೆ, ಬೇಯಲು ಬೇಕಾದಷ್ಟು ನೀರು; ಬೆಂದ ಮೇಲೆ ಮತ್ತೆ ಒಣಗಿಸಿ ಕೊತ್ತಂಬರಿ, ಪುದೀನ. ಬೋಹ್ರಾ ಮನೆಯ ಕೈ ಕಾಣುವುದು ಕೊನೆಯಲ್ಲಿ. ಖೀಮಾದ ನಡುವೆ ಒಂದು ಸಣ್ಣ ಬಟ್ಟಲಿಟ್ಟು, ಅದರಲ್ಲಿ ನಿಗಿನಿಗಿ ಕೆಂಡ ಹಾಕಿ, ಒಂದು ಚಮಚ ತುಪ್ಪ ಬಿಟ್ಟು, ತಟ್ಟನೆ ಮುಚ್ಚುತ್ತಾರೆ. ಐದು ನಿಮಿಷದ ಆ ಹೊಗೆಗೆ ಬದಲಿಯೇ ಇಲ್ಲ.

ಮ್ಯಾಕರೋನಿಯನ್ನು ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಇಳಿಸಬೇಕು, ಉಳಿದಷ್ಟು ಅದು ಓವನ್‌ನಲ್ಲಿ ಸಾಸ್ ಕುಡಿದು ಬೇಯುತ್ತದೆ. ಸಾಸಿಗೆ 50 ಗ್ರಾಂ ಬೆಣ್ಣೆ, ಅಷ್ಟೇ ತೂಕದ ಮೈದಾ, ಮುಕ್ಕಾಲು ಲೀಟರ್ ಹಾಲು. ಮೈದಾದ ಹಸಿ ವಾಸನೆ ಹೋಗಬೇಕು, ಬಣ್ಣ ಬರಬಾರದು. ಹಾಲನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ತಿರುವಿದರೆ ಗಂಟಾಗದು. ದೋಸೆ ಹಿಟ್ಟಿಗಿಂತ ಒಂದಿಷ್ಟು ತೆಳ್ಳಗಿದ್ದಾಗಲೇ ಒಲೆಯಿಂದ ಇಳಿಸಬೇಕು. ಆರುತ್ತಾ ಅದು ದಪ್ಪವಾಗುತ್ತದೆ. ಉಪ್ಪು, ಕರಿಮೆಣಸಿನ ಪುಡಿ, ನಾಲ್ಕು ಕ್ಯೂಬ್ ಚೀಸ್. ಒಣ ಒರಿಗಾನೊ ಉದುರಿಸುವ ಚಾಳಿ ಈಗ ಹೆಚ್ಚಾಗಿದೆ. ಪುದೀನ, ಲವಂಗ ಇರುವ ಖೀಮಾಕ್ಕೆ ಅದು ಬೇಕಿಲ್ಲ.

ಓವನ್? ವರಳಿ, ನಾಯಗಾಂವ್‌ಗಳ ಬಿಡಿಡಿ ಚಾಳ್‌ಗಳಲ್ಲಿ ಒಂದು ಕುಟುಂಬಕ್ಕಿದ್ದ ಕೋಣೆಯೇ 160 ಚದರ ಅಡಿ. ಅಂಥ ಮನೆಗಳ ಊರಿನಲ್ಲಿ ಓವನ್ ಎಲ್ಲಿಡುವುದು? ಅದಕ್ಕೆ ಮುಂಬೈ ಹಲವು ದಾರಿ ಕಂಡುಕೊಂಡಿತು. ಗಾಜಿನ ಮುಚ್ಚಳದ ದುಂಡನೆಯ ಅಲ್ಯೂಮಿನಿಯಂ ಓವನ್ ಕೆಲವರಿಗೆ; ದಪ್ಪ ಪಾತ್ರೆಯ ತಳಕ್ಕೆ ಮರಳೋ ಉಪ್ಪೋ ಹರಡಿ, ಅದರೊಳಗೆ ಡಬ್ಬಿಯಿಟ್ಟು ಮುಚ್ಚುವ ಉಪಾಯ ಇನ್ನು ಕೆಲವರಿಗೆ. ಮುಚ್ಚಳದ ಮೇಲೆ ಕೆಂಡ ಹರಡಿದರೆ ಚೀಸ್ ಕೂಡ ಕೆಂಪಾಗುತ್ತದೆ. ದಕ್ಷಿಣ ಕನ್ನಡದಿಂದ ಮುಂಬೈಗೆ ಹೋದವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುವ ಕೆಂಡದಡ್ಯೆ ತಿಂದು ಬೆಳೆದವರು ಅವರು. ಖೀಮಾದ ಸಾರ ಹೀರಿದ ಮ್ಯಾಕರೋನಿಯ ರುಚಿಯೂ ಕೋಳಿ ಸಾರಿನಲ್ಲಿ ನೆನೆದ ಕೋರಿ ರೊಟ್ಟಿ ಬಲ್ಲ ನಾಲಿಗೆಗೆ ಬೇಗ ಅರ್ಥವಾಗುತ್ತದೆ.

ಮತ್ತೊಂದು ದಾರಿ ಬೀದಿಯ ಕೊನೆಯ ಪಾವ್ ಬೇಕರಿ. ಹಬ್ಬ ಬಂತೆಂದರೆ ಮನೆಯಲ್ಲಿ ಕಲಸಿದ ನಾನಖಟಾಯಿಯನ್ನೂ ಕ್ರಿಸ್‌ಮಸ್ ಕೇಕನ್ನೂ ತಟ್ಟೆಯಲ್ಲಿ ಹೊತ್ತು ಭಟ್ಟಿಗೆ ಒಯ್ಯುವ ರೂಢಿ ಈ ಊರಿನದು. ಪಾವ್ ಬೆಂದು ಇಳಿದ ಮೇಲೂ ಭಟ್ಟಿಯ ಇಟ್ಟಿಗೆಗಳಲ್ಲಿ ತಾಸುಗಟ್ಟಲೆ ಕಾವು ಉಳಿಯುತ್ತದೆ. ಮೆಲ್ಲಗೆ, ಎಲ್ಲ ಕಡೆಯಿಂದ ತಟ್ಟುವ ಆ ಕಾವು ಇಂಥ ಟ್ರೇಗೆ ಹೇಳಿ ಮಾಡಿಸಿದಂಥದ್ದು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ನಗರದ ವಾಯುಮಾಲಿನ್ಯದ ಪ್ರಕರಣದಲ್ಲಿ, ಕಟ್ಟಿಗೆ ಮತ್ತು ಕಲ್ಲಿದ್ದಲಿನ ಭಟ್ಟಿಗಳು ಆರು ತಿಂಗಳೊಳಗೆ ಗ್ಯಾಸ್ ಇಲ್ಲವೇ ಬೇರೆ ಸ್ವಚ್ಛ ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿತು. ಮುಂಬೈಯ ಗಾಳಿ ಉಸಿರಾಡುವವರು ಅದನ್ನು ತಪ್ಪೆನ್ನಲಾರರು. ಆದರೆ ಸಣ್ಣ ಬೇಕರಿಗಳಿಗೆ ಹೊಸ ಓವನ್‌ನ ಖರ್ಚು ಹಗುರವಲ್ಲ, ಅವು ಮುಚ್ಚಿದರೆ ಪಾವ್ ಜೊತೆಗೆ ಬೀದಿಯ ಓವನ್ನೂ ಹೋಗುತ್ತದೆ. ಬದಲಾವಣೆಗೆ ಸರ್ಕಾರ ಕೈಹಿಡಿಯಬೇಕು.

ಮನೆಯಲ್ಲಿ ಓಟಿಜಿ ಎಂಬ ವಿದ್ಯುತ್ ಓವನ್ ಇದ್ದವರು 190 ಡಿಗ್ರಿಗೆ ಹತ್ತು ನಿಮಿಷ ಕಾಯಿಸಿಟ್ಟು, ಬೆಣ್ಣೆ ಸವರಿದ ಟ್ರೇಯಲ್ಲಿ ಖೀಮಾ, ಸಾಸ್ ಬೆರೆಸಿದ ಮ್ಯಾಕರೋನಿ, ಚೀಸ್ ಹೀಗೆ ಹಾಸಿ 25 ನಿಮಿಷ ಬಿಟ್ಟರಾಯಿತು. ಅಂಚಿನಲ್ಲಿ ಸಾಸ್ ಗುಳ್ಳೆಯೊಡೆಯಬೇಕು, ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಬರಬೇಕು. ಹೊರಗೆ ತೆಗೆದ ಮೇಲೆ ಹದಿನೈದು ನಿಮಿಷ ಮುಟ್ಟಬೇಡಿ. ಬಿಸಿಯಲ್ಲೇ ಕತ್ತರಿಸಿದರೆ ಪದರ ನಿಲ್ಲದೆ ಜಾರುತ್ತದೆ.

ಕೊಲಾಬಾದಲ್ಲಿ ಮುನಾಫ್ ಕಪಾಡಿಯಾ 2014ರಲ್ಲಿ ತಾಯಿ ನಫೀಸಾ ಅವರ ಅಡುಗೆಯನ್ನು ಥಾಲ್‌ನಲ್ಲಿಟ್ಟು ಅಪರಿಚಿತರನ್ನು ಊಟಕ್ಕೆ ಕರೆದರು; ಬೋಹ್ರಾ ಅಡುಗೆಯ ರುಚಿ ಹೊರಗಿನ ಎಷ್ಟೋ ಜನರಿಗೆ ತಿಳಿದದ್ದು ಆಗಲೇ. ಖೀಮಾ ಮ್ಯಾಕರೋನಿಯ ಅಳತೆಗಳು ಈಗಲೂ ಹೆಚ್ಚಾಗಿ ಇರುವುದು ಹಿರಿಯ ಹೆಂಗಸರ ಕೈಯಲ್ಲಿ ಮತ್ತು ಎಣ್ಣೆ ಕಲೆಯಾದ ನೋಟ್‌ಬುಕ್ಕುಗಳಲ್ಲಿ. ಮುಂಬೈಯಲ್ಲಿ ಯಾರದಾದರೂ ಮನೆಯಲ್ಲಿ ಇದನ್ನು ಉಣ್ಣುವ ಭಾಗ್ಯ ನಿಮಗೆ ಸಿಕ್ಕರೆ, ಮಾಡಿದವರ ಪಕ್ಕ ಕೂತು ಅಳತೆ ಕೇಳಿ ಬರೆದುಕೊಂಡು ಬನ್ನಿ.