ಮಂಜಿಗೆ ಬಾಡಿಗೆಯಿಲ್ಲದ ಊರು

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದ ಅಂಚಿನಲ್ಲಿ, ಮಿನೆಸೋಟ ರಾಜ್ಯವು ಕೆನಡಾದ ಗಡಿಯನ್ನು ಮುಟ್ಟುವೆಡೆಯಲ್ಲಿ, 14,000ಕ್ಕೂ ಮಿಕ್ಕ ದ್ವೀಪಗಳನ್ನು ಒಡಲಲ್ಲಿ ಇರಿಸಿಕೊಂಡಿರುವ ‘ಲೇಕ್ ಆಫ್ ದ ವುಡ್ಸ್’ ಎಂಬ ಮಹಾಸರೋವರದ ನೈರುತ್ಯ ತೀರದಲ್ಲಿ, ಜನಸಂಖ್ಯೆ ಎರಡು ಸಾವಿರವನ್ನು ಮುಟ್ಟದ ವಾರ್‌ರೋಡ್ ಎಂಬ ಒಂದು ಊರಿದೆ. ಹೆಸರಿನ ಅರ್ಥ ಯುದ್ಧದ ಹಾದಿ. ಸರೋವರದ ತಡಿಯಲ್ಲಿ ತಾನಾಗಿ ಬೆಳೆಯುವ ಕಾಡುಭತ್ತದ ಬಯಲುಗಳಿಗಾಗಿ ಅಲ್ಲಿಯ ಮೂಲನಿವಾಸಿಗಳಾದ ಸೂ ಜನರೂ ಒಜಿಬ್ವೆ ಜನರೂ ಕಾದಾಡುತ್ತಿದ್ದ ಕಾಲದಲ್ಲಿ ಅವರ ಪಡೆಗಳು ನಡೆದ ದಾರಿ ಇದೇ ಆಗಿದ್ದಿತೆಂದು ಊರವರು ಹೇಳುತ್ತಾರೆ. ಇಂದು ಆ ಊರು ತನಗೆ ತಾನೇ ಇಟ್ಟುಕೊಂಡಿರುವ ಬಿರುದು ‘ಹಾಕಿಟೌನ್ ಯು.ಎಸ್.ಎ.’, ಎಂದರೆ ಹಾಕಿಯ ಊರು.

ಈ ಹಾಕಿ ನಮ್ಮ ಮೈದಾನಗಳ ಹಾಕಿಯಲ್ಲ. ಮಂಜುಗಡ್ಡೆಯ ನೆಲದ ಮೇಲೆ, ಅಡಿಗೆ ಉಕ್ಕಿನ ಅಲಗುಳ್ಳ ಸ್ಕೇಟುಗಳನ್ನು ತೊಟ್ಟು, ಗಟ್ಟಿ ರಬ್ಬರಿನ ಬಿಲ್ಲೆಯೊಂದನ್ನು ಕೋಲಿನಿಂದ ಅಟ್ಟಿಕೊಂಡು ಹೋಗುವ ಐಸ್ ಹಾಕಿ. ಈ ಆಟದಲ್ಲಿ ವಾರ್‌ರೋಡ್ ಪಡೆದಿರುವ ಕೀರ್ತಿಯನ್ನು ಅದರ ಗಾತ್ರದೊಡನೆ ಹೋಲಿಸಿ ನೋಡಿದರೆ ಯಾರಿಗಾದರೂ ವಿಸ್ಮಯವಾಗದಿರದು. 1956ರ ಒಲಿಂಪಿಕ್ಸಿನಲ್ಲಿ ರಜತ ಪಡೆದ ಅಮೆರಿಕದ ತಂಡದಲ್ಲಿ ಈ ಊರಿನ ಗಾರ್ಡನ್ ಕ್ರಿಶ್ಚಿಯನ್ ಇದ್ದರು. 1960ರಲ್ಲಿ ಸ್ವರ್ಣ ಪಡೆದ ತಂಡದಲ್ಲಿ ಅವರ ಸೋದರರಾದ ಬಿಲ್ ಮತ್ತು ರೋಜರ್. 1972ರಲ್ಲಿ ರಜತ ಪಡೆದ ತಂಡದಲ್ಲಿ ಒಜಿಬ್ವೆ ಕುಲದ ಹೆನ್ರಿ ಬೂಶೆ. ಸೋವಿಯತ್ ತಂಡವನ್ನು ಸೋಲಿಸಿ ಲೋಕವನ್ನೇ ಬೆರಗುಗೊಳಿಸಿದ 1980ರ ಸ್ವರ್ಣ ತಂಡದಲ್ಲಿ ಬಿಲ್ಲರ ಮಗ ಡೇವ್. ಹೆಣ್ಣುಮಕ್ಕಳ ತಂಡದಲ್ಲಿ ಜೀಜಿ ಮಾರ್ವಿನ್ 2010, 2014 ಮತ್ತು 2018ರ ಮೂರು ಒಲಿಂಪಿಕ್ಸುಗಳಲ್ಲಿ ಆಡಿ, ಕೊನೆಯದರಲ್ಲಿ ಸ್ವರ್ಣದೊಡನೆ ಮನೆಗೆ ಮರಳಿದರು.

ಇದಕ್ಕೆಲ್ಲ ಕಾರಣವೇನೆಂದು ಕೇಳಿದರೆ ಚಳಿಯೆಂದು ಹೇಳಿಬಿಡುವುದು ಸುಲಭ. ಜನವರಿಯಲ್ಲಿ ಇಲ್ಲಿ ಉಷ್ಣಮಾನವು ಶೂನ್ಯದ ಕೆಳಗೆ ಮೂವತ್ತು ಡಿಗ್ರಿಗೆ ಇಳಿಯುವುದು ಅಪರೂಪವಲ್ಲ. ನದಿಯೂ ಸರೋವರವೂ ಕಲ್ಲಿನಂತೆ ಗಡ್ಡೆಕಟ್ಟಿ, ಅವುಗಳ ಮೇಲೆ ಮೋಟಾರು ವಾಹನಗಳೇ ಓಡಾಡುತ್ತವೆ. ಆದರೆ ಇಷ್ಟೇ ಚಳಿಯುಳ್ಳ ಊರುಗಳು ಆ ಸೀಮೆಯಲ್ಲಿ ಎಷ್ಟೋ ಇವೆ. ನನಗೆ ತೋರುವ ಮಟ್ಟಿಗೆ ನಿಜವಾದ ಕಾರಣ ಬೇರೆಯದು; ಮಕ್ಕಳನ್ನು ಆಟಕ್ಕೆ ಕಳುಹುವ ತಾಯ್ತಂದೆಗಳ ಕೈಚೀಲವನ್ನು ಬಲ್ಲವರಿಗೆ ಅದು ಬೇಗ ತಿಳಿಯುತ್ತದೆ. ವಾರ್‌ರೋಡಿನ ಮಗುವಿಗೆ ಮಂಜಿನ ಬಾಡಿಗೆಯಿಲ್ಲ.

ಈ ಮಾತಿನ ತೂಕ ತಿಳಿಯಬೇಕಾದರೆ ಉತ್ತರ ಅಮೆರಿಕದ ಇತರ ನಗರಗಳಲ್ಲಿ ಐಸ್ ಹಾಕಿ ಆಡುವ ಮಗುವೊಂದನ್ನು ಸಾಕುವುದೆಂದರೆ ಏನೆಂಬುದನ್ನು ಮೊದಲು ನೋಡಬೇಕು. ಈ ಆಟ ನಡೆಯುವ ಹಿಮಾಂಗಣವೆಂಬುದು ಒಂದು ಯಂತ್ರ. ಕಾಂಕ್ರೀಟಿನ ಹಾಸಿನೊಳಗೆ ಮೈಲಿಗಟ್ಟಲೆ ಕೊಳವೆಗಳನ್ನು ಹೂತು, ಅವುಗಳಲ್ಲಿ ಶೀತಲೀಕರಿಸಿದ ಉಪ್ಪುನೀರನ್ನು ಹಗಲಿರುಳೂ ಹರಿಸಿ, ಮೇಲೆ ತೆಳ್ಳಗೆ ನೀರನ್ನು ಪದರಪದರವಾಗಿ ಹರಡಿ, ಒಂದಂಗುಲದಷ್ಟು ದಪ್ಪದ ಮಂಜಿನ ನೆಲವನ್ನು ಕಟ್ಟಬೇಕು; ಆಟ ನಡೆದು ನೆಲ ಗೀರುಬಿದ್ದಾಗಲೆಲ್ಲ ಜ್ಯಾಂಬೋನಿ ಎಂಬ ವಾಹನವು ಮೇಲ್ಪದರವನ್ನು ಕೆತ್ತಿ ಬಿಸಿನೀರು ಸವರಿ ಮತ್ತೆ ಕನ್ನಡಿಯಂತೆ ಮಾಡಬೇಕು. ವಿದ್ಯುತ್ತು, ಕಟ್ಟಡ, ಕೆಲಸಗಾರರು, ಎಲ್ಲದರ ವೆಚ್ಚವೂ ಕೂಡಿ ಒಂದು ಗಂಟೆಯ ಮಂಜಿಗೆ ಇನ್ನೂರು ಡಾಲರಿನಿಂದ ಹಿಡಿದು ಅದರ ಇಮ್ಮಡಿಯವರೆಗೂ ಬಾಡಿಗೆ ಬೀಳುತ್ತದೆ. ಅದನ್ನು ಹೊರುವವರು ತಂಡದ ಮಕ್ಕಳ ಮನೆಯವರು. ಅದರ ಮೇಲೆ ತರಬೇತುದಾರರ ಸಂಬಳ, ಪಂದ್ಯಾವಳಿಗಳ ಶುಲ್ಕ, ವಾರಾಂತ್ಯಗಳ ಹೋಟೆಲು, ಪೆಟ್ರೋಲು. ವರ್ಷವರ್ಷಕ್ಕೂ ಕಾಲು ಬೆಳೆಯುವುದರಿಂದ ವರ್ಷವರ್ಷಕ್ಕೂ ಹೊಸ ಸ್ಕೇಟು. ಮಗು ಗೋಲುರಕ್ಷಕನಾಗುವೆನೆಂದರಂತೂ ಕಾಲಿಗೆ ಕಟ್ಟುವ ಮೆತ್ತೆಗಳಿಗೇ ಸಾವಿರ ಡಾಲರಿನ ಮೇಲೆ ತೆರಬೇಕಾದೀತು. ಉನ್ನತ ದರ್ಜೆಯ ಸಂಚಾರಿ ತಂಡಗಳಲ್ಲಿ ಒಂದು ಮಗುವಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ವ್ಯಯಿಸುವ ಕುಟುಂಬಗಳು ವಿರಳವಲ್ಲ. ಹಾಕಿಗೆ ಹೆಸರಾದ ವಸತಿಶಾಲೆಗೆ ಸೇರಿಸಿದರೆ ಶುಲ್ಕ 50,000 ಡಾಲರನ್ನು ದಾಟುತ್ತದೆ.

ಈ ಹಣವನ್ನು ತೆರುವವರೆಲ್ಲ ಧನಿಕರೆಂದು ಭಾವಿಸಬಾರದು. ಎರಡನೆಯ ಕೆಲಸಕ್ಕೆ ಸೇರಿಕೊಂಡ ತಂದೆ, ಮನೆಯ ಮೇಲೆ ಸಾಲ ಎತ್ತಿದ ತಾಯಿ, ಅಣ್ಣನ ಹಾಕಿಗಾಗಿ ತನ್ನ ಸಂಗೀತದ ಪಾಠ ಬಿಟ್ಟ ತಂಗಿ, ಇವರೆಲ್ಲರೂ ಆ ಹಿಮಾಂಗಣಗಳ ಮೆಟ್ಟಿಲುಗಳ ಮೇಲೆ ಕಂಬಳಿ ಹೊದ್ದು ಕುಳಿತಿರುತ್ತಾರೆ. ಕಾಲೇಜಿನ ವಿದ್ಯಾರ್ಥಿವೇತನ ದೊರೆತೀತು ಎಂಬುದು ಅವರ ಆಸೆ. ಹತ್ತು ವರ್ಷ ಆಟಕ್ಕೆ ತೆತ್ತ ಹಣವನ್ನು ಕೂಡಿಟ್ಟಿದ್ದರೆ ಆ ವೇತನದ ಹಂಗೇ ಬೇಕಿರಲಿಲ್ಲ ಎಂಬ ಲೆಕ್ಕವನ್ನು ಅವರಲ್ಲಿ ಅನೇಕರು ಬಲ್ಲರು. ಬಲ್ಲರಾದರೂ ಮಗುವಿನ ಮುಖ ನೋಡಿ ಮತ್ತೊಂದು ಚೆಕ್ಕಿಗೆ ರುಜು ಹಾಕುತ್ತಾರೆ. ಅವರನ್ನು ಹಳಿಯಲು ನನಗೆ ಮನಸ್ಸು ಬಾರದು.

ವಾರ್‌ರೋಡಿಗೆ ಹಿಂದಿರುಗೋಣ. ಎರಡನೆಯ ಮಹಾಯುದ್ಧ ಮುಗಿದು ಸೈನ್ಯದಿಂದ ಮರಳಿದ ಕ್ಯಾಲ್ ಮಾರ್ವಿನ್ ಎಂಬ ತರುಣನು ಊರಿನಲ್ಲಿ ‘ಲೇಕರ್ಸ್’ ಎಂಬ ಹವ್ಯಾಸಿ ತಂಡವನ್ನು ಕಟ್ಟಿದನು. ಹಗಲು ದುಡಿದು ಸಂಜೆ ಆಡುವವರ ತಂಡ ಅದು. ಸುಮಾರು ಐವತ್ತು ವರ್ಷ ಬಾಳಿ, ಕೆನಡಾದ ಹವ್ಯಾಸಿಗಳ ಪರಮ ಪುರಸ್ಕಾರವಾದ ಅಲನ್ ಕಪ್ಪನ್ನು 1994, 1995, 1996 ಹೀಗೆ ಮೂರು ವರ್ಷ ಸತತವಾಗಿ ಗೆದ್ದು, 1997ರಲ್ಲಿ ತೆರೆಯೆಳೆದುಕೊಂಡಿತು. ತಂಡಕ್ಕೊಂದು ಸೂರು ಬೇಕೆಂದಾಗ ಊರೇ ಮುಂದೆ ಬಂದಿತು. ಮಾರ್ವಿನ್ ಮನೆತನದ ಕಿಟಕಿ-ಬಾಗಿಲುಗಳ ಕಾರ್ಖಾನೆ ಇಲ್ಲಿಯ ಜೀವನಾಧಾರ. 1912ರಲ್ಲಿ ಮರ ಮತ್ತು ಧಾನ್ಯದ ವ್ಯಾಪಾರವಾಗಿ ಮೊದಲಾದ ಆ ಉದ್ಯಮವು 1961ರಲ್ಲಿ ಬೆಂಕಿಗೆ ಆಹುತಿಯಾದಾಗ, ಬೇರೆಡೆಗೆ ಹೋಗದೆ ಸುಟ್ಟ ನೆಲದಲ್ಲಿಯೇ ಮತ್ತೆ ಎದ್ದು ನಿಂತಿತು. ಅದರ ನೆರವೂ ಊರವರ ಶ್ರಮವೂ ಕೂಡಿ 1993ರಲ್ಲಿ ‘ಗಾರ್ಡನ್ಸ್’ ಎಂಬ ಈಗಿನ ದೊಡ್ಡ ಹಿಮಾಂಗಣ ತೆರೆಯಿತು. ಗ್ರಂಥಾಲಯಕ್ಕೆ ಹೋಗುವ ಮಗುವಿನಿಂದ ನಾವು ಕಾಸು ಕೇಳುವುದಿಲ್ಲವಷ್ಟೆ. ಆ ಊರಿನವರು ಮಂಜನ್ನು ಹಾಗೆ ಎಣಿಸಿದರು.

ಬೆಳಗಿನ ಜಾವ ಒಳಹೊಕ್ಕು ನೋಡಿದರೆ ಮೊದಲು ಕಿವಿಗೆ ಬೀಳುವುದು ಶೀತಯಂತ್ರದ ಮಂದ್ರ ಗುಂಯ್‌ಗುಟ್ಟುವ ದನಿ, ಆಮೇಲೆ ಮಂಜಿನ ಮೇಲೆ ಉಕ್ಕು ಕೊರೆಯುವ ಸರ್ರೆಂಬ ಸದ್ದು. ಉಡುಪಿನ ಕೋಣೆಯಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಬೆಂಚಿನ ಮೇಲೆ ಕುಳಿತಿದ್ದಾಳೆ. ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದ ತಂದೆ ಅವಳ ಮುಂದೆ ಮೊಣಕಾಲೂರಿ, ಅವಳ ಸ್ಕೇಟನ್ನು ತನ್ನೆರಡು ತೊಡೆಗಳ ನಡುವೆ ಹಿಡಿದು, ಲಾಡಿಯನ್ನು ಕೆಳಗಿನಿಂದ ಒಂದೊಂದೇ ಅಡ್ಡಹೊಲಿಗೆಯಾಗಿ ಬಿಗಿಯುತ್ತಿದ್ದಾನೆ. ಸಡಿಲವಾದರೆ ಕಣಕಾಲು ಹೊರಳುತ್ತದೆ, ಅತಿ ಬಿಗಿಯಾದರೆ ಪಾದ ಮರಗಟ್ಟುತ್ತದೆ. ‘ನೋಯುತ್ತದೆಯೇ?’ ಎಂದು ಕೇಳುತ್ತಾನೆ, ಅವಳು ತಲೆಯಲ್ಲಾಡಿಸುತ್ತಾಳೆ. ಅವಳ ಸ್ಕೇಟು ಹೊಸದಲ್ಲ, ಚರ್ಮದ ಮಡಿಕೆಗಳಲ್ಲಿ ಇನ್ನಾರದೋ ಪಾದದ ಗುರುತಿದೆ; ಮುಂದಿನ ವರ್ಷ ಅದು ಇನ್ನೊಂದು ಮಗುವಿನ ಕಾಲಿಗೆ ಹೋಗುತ್ತದೆ. ಮಂಜಿಗಿಳಿದೊಡನೆ ಅವಳು ಬೀಳುತ್ತಾಳೆ, ಏಳುತ್ತಾಳೆ, ಮತ್ತೆ ಬೀಳುತ್ತಾಳೆ. ತಂದೆ ಗಡಿಯಾರ ನೋಡುವುದಿಲ್ಲ. ನಿಮಿಷಕ್ಕಿಷ್ಟು ಎಂದು ತೆರುವ ನಗರದ ತಂದೆಗೆ ಈ ಸಾವಧಾನ ದೊರೆಯಲಾರದು. ಆಟ ಕಲಿಯಲು ಬೇಕಾದದ್ದೋ ಇಂಥ ಲೆಕ್ಕವಿಲ್ಲದ ಗಂಟೆಗಳೇ.

ಕೋಲಿನ ಕಥೆಯೂ ಇಲ್ಲಿ ಹೇಳತಕ್ಕದ್ದು. ಬಿಲ್ ಮತ್ತು ರೋಜರ್ ಕ್ರಿಶ್ಚಿಯನ್ ಸೋದರರು ವೃತ್ತಿಯಿಂದ ಬಡಗಿಗಳು. 1960ರಲ್ಲಿ ಸೋವಿಯತ್ ತಂಡದ ಮೇಲೆ ವಿಜಯದ ಗೋಲು ಹೊಡೆದವರು ಬಿಲ್. ಅಂತಿಮ ದಿನ ಚೆಕೊಸ್ಲೊವಾಕಿಯದ ಮೇಲೆ ನಾಲ್ಕು ಗೋಲು ಹೊಡೆದವರು ರೋಜರ್. ಆ ಸ್ವರ್ಣಪದಕಗಳೊಡನೆ ಊರಿಗೆ ಮರಳಿದವರು ಮತ್ತೆ ಉಳಿ ಹಿಡಿದು, 1964ರಲ್ಲಿ ಭಾವಮೈದುನನೊಡನೆ ಸೇರಿ ಹಾಕಿ ಕೋಲುಗಳ ಕಾರ್ಖಾನೆಯನ್ನು ತೆರೆದರು. ಮರದ ಕೋಲು ಬಡವನ ಮಗನಿಗೂ ದಕ್ಕುತ್ತಿತ್ತು. ಮುರಿದರೆ ಪಟ್ಟಿ ಸುತ್ತಿ ಇನ್ನೊಂದು ವಾರ ಆಡಬಹುದಿತ್ತು. ಇಂಗಾಲದ ನಾರಿನ ಕೋಲುಗಳು ಬಂದ ಮೇಲೆ ಆ ಕಾಲ ಕಳೆಯಿತು. ಇಂದು ಒಳ್ಳೆಯದೆನಿಸುವ ಕೋಲೊಂದಕ್ಕೆ 300 ಡಾಲರು, ಅದು ಮೊದಲ ದಿನವೇ ಮುರಿದೀತು. ಕ್ರಿಶ್ಚಿಯನ್ ಕಾರ್ಖಾನೆ ಈಗ ಇಲ್ಲ.

ಬಾಡಿಗೆಯಿಲ್ಲದ ಮಂಜು ಏನು ಮಾಡಬಲ್ಲದೆಂಬುದಕ್ಕೆ ಟಿ. ಜೆ. ಓಶಿ ಎಂಬ ಆಟಗಾರರ ನಿದರ್ಶನ ಸಾಕು. ಪಶ್ಚಿಮದ ವಾಷಿಂಗ್ಟನ್ ರಾಜ್ಯದಲ್ಲಿ ಬೆಳೆಯುತ್ತಿದ್ದ ಹುಡುಗನನ್ನು ಕರೆದುಕೊಂಡು ಅವನ ತಂದೆ ಟಿಮ್, ಬಂಧುಗಳಿದ್ದ ವಾರ್‌ರೋಡಿಗೆ ಬಂದು ನೆಲೆಸಿದರು. ಹೆಚ್ಚು ಖರ್ಚಿನ ತಂಡವನ್ನಲ್ಲ, ಊರನ್ನೇ ಆರಿಸಿಕೊಂಡ ತಂದೆ ಅವರು. ಹುಡುಗನು ಇಲ್ಲಿಯ ಪ್ರೌಢಶಾಲೆಯ ತಂಡದೊಡನೆ 2003 ಮತ್ತು 2005ರಲ್ಲಿ ರಾಜ್ಯಪ್ರಶಸ್ತಿ ಗೆದ್ದನು. 2014ರ ಸೋಚಿ ಒಲಿಂಪಿಕ್ಸಿನಲ್ಲಿ ರಷ್ಯದ ಎದುರು, ಸಮವಾದ ಪಂದ್ಯದ ತೀರ್ಪಿಗಾಗಿ ತಾನು ಹೊಡೆದ ಆರು ಹೊಡೆತಗಳಲ್ಲಿ ನಾಲ್ಕನ್ನು ಗೋಲಾಗಿಸಿ ಮನೆಮಾತಾದನು. 2018ರಲ್ಲಿ ವೃತ್ತಿಪರ ಐಸ್ ಹಾಕಿಯ ಪರಮ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪನ್ನು ಎತ್ತಿಹಿಡಿದಾಗ, ಮರೆವಿನ ರೋಗದಿಂದ ಸವೆಯುತ್ತಿದ್ದ ತಂದೆಯನ್ನು ನೆನೆದು ಕಣ್ಣೀರಿಟ್ಟನು.

ಆದರೆ ಮಂಜು ಬಿಟ್ಟಿಯಾದ ಮಾತ್ರಕ್ಕೆ ತಾಯ್ತಂದೆಗಳ ಹೊರೆಯೆಲ್ಲ ಇಳಿಯಿತೆನ್ನಲಾಗದು. ನೆರೆಯ ರೋಸೋ ಎಂಬ ಪ್ರತಿಸ್ಪರ್ಧಿ ಊರು ಇಪ್ಪತ್ತು ಮೈಲಿಗಿಂತ ತುಸು ಆಚೆಯೇ ಇದೆಯೆಂಬುದನ್ನು ಬಿಟ್ಟರೆ, ಮಿಕ್ಕೆಲ್ಲ ಎದುರಾಳಿಗಳೂ ದೂರದವರು. ರಾಜ್ಯದ ದೊಡ್ಡ ನಗರವಾದ ಮಿನಿಯಾಪೊಲಿಸ್ ಸುಮಾರು 350 ಮೈಲಿ ಆಚೆ. ಹಿಮ ಬೀಳುವ ಇರುಳಿನಲ್ಲಿ, ಜಿಂಕೆಗಳು ಅಡ್ಡಬರುವ ಹೆದ್ದಾರಿಯಲ್ಲಿ, ಹಿಂದಿನ ಆಸನದಲ್ಲಿ ನಿದ್ರಿಸುವ ಮಕ್ಕಳನ್ನು ಕೂರಿಸಿಕೊಂಡು ಗಾಡಿ ನಡೆಸುವ ಆ ಗಂಟೆಗಳಿಗೆ ಬೆಲೆ ಕಟ್ಟಿದವರಿಲ್ಲ.

ಮಗು ಹದಿನಾರಕ್ಕೆ ಬಂದಾಗ ಇನ್ನೊಂದು ಕವಲು ಎದುರಾಗುತ್ತದೆ. ಮಿನೆಸೋಟದಲ್ಲಿ ಮಕ್ಕಳು ತಾವು ವಾಸಿಸುವ ಊರಿನ ಸಂಘಕ್ಕೆ ಆಡುವುದು, ಅನಂತರ ತಮ್ಮ ಪ್ರೌಢಶಾಲೆಗೆ ಆಡುವುದು ರೂಢಿ. 1945ರಿಂದ ನಡೆದುಬಂದಿರುವ ಪ್ರೌಢಶಾಲೆಗಳ ರಾಜ್ಯಪಂದ್ಯಾವಳಿ ಅಲ್ಲಿಯ ಜಾತ್ರೆಯೇ ಸರಿ. ಆದರೂ ಪ್ರತಿಭಾವಂತನಾದ ಹುಡುಗನನ್ನು ದೂರದ ‘ಜೂನಿಯರ್’ ತಂಡ ಕರೆಯುತ್ತದೆ; ಹೋದರೆ ಅಪರಿಚಿತರ ಮನೆಯಲ್ಲಿ ಅನ್ನ, ಅಪರಿಚಿತ ಊರಿನಲ್ಲಿ ಶಾಲೆ. ಕೆನಡಾದ ಪ್ರಮುಖ ಜೂನಿಯರ್ ತಂಡದಲ್ಲಿ ಒಂದೇ ಪಂದ್ಯ ಆಡಿದರೂ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚುತ್ತಿದ್ದ ಕಠಿಣ ನಿಯಮವೊಂದು 2025ರಲ್ಲಿ ಸಡಿಲವಾಯಿತು. ತಾಯ್ತಂದೆಗಳಿಗೆ ಇದರಿಂದ ದಾರಿಗಳು ಹೆಚ್ಚಿದವು. ಇರುಳಿನ ಆಲೋಚನೆಯೂ ಹೆಚ್ಚಿತು.

ಹಣಕ್ಕಿಂತ ಹಿರಿದಾದ ಬೆಲೆಯೊಂದನ್ನು ಈ ಊರು ಹೆನ್ರಿ ಬೂಶೆಯಲ್ಲಿ ಕಂಡಿದೆ. 1969ರ ರಾಜ್ಯಪಂದ್ಯಾವಳಿಯ ಅಂತಿಮದಲ್ಲಿ, ಸಿರಿವಂತ ಉಪನಗರವಾದ ಎಡೈನದ ಎದುರು ಆಡುವಾಗ ಕಿವಿಗೆ ಪೆಟ್ಟಾಗಿ ಅವರು ಹೊರಹೋಗಬೇಕಾಯಿತು; ವಾರ್‌ರೋಡ್ ಹೆಚ್ಚುವರಿ ಸಮಯದಲ್ಲಿ 5–4ರಿಂದ ಸೋತಿತು. 1975ರ ಜನವರಿಯಲ್ಲಿ, ವೃತ್ತಿಪರ ಆಟದ ನಡುವೆ ಎದುರಾಳಿಯ ಕೋಲಿನ ತುದಿ ಕಣ್ಣಿಗೆ ತಾಗಿ ಅವರ ಭವಿಷ್ಯವೇ ಕುಂದಿತು. ಹುಟ್ಟೂರಿಗೆ ಮರಳಿ, ತಮ್ಮ ಜನಾಂಗದ ಕ್ರೀಡಾಪಟುಗಳ ಚರಿತ್ರೆಯನ್ನು ಬರೆಯುವುದರಲ್ಲಿ ತೊಡಗಿ, 2023ರಲ್ಲಿ ತೀರಿಕೊಂಡರು. ಇಂದು ಮಕ್ಕಳು ಮುಖಪೂರ್ತಿ ಮುಚ್ಚುವ ಜಾಲರಿಯಿಲ್ಲದೆ ಮಂಜಿಗೆ ಇಳಿಯುವಂತಿಲ್ಲ. ಹನ್ನೆರಡು ವರ್ಷದೊಳಗಿನವರು ಮೈಯಿಂದ ಮೈಯನ್ನು ಗುದ್ದಿ ತಡೆಯುವುದನ್ನು ಅಮೆರಿಕದ ಹಾಕಿ ಮಂಡಲಿ 2011ರಿಂದ ನಿಷೇಧಿಸಿದೆ. ಅದು ವಿವೇಕದ ಕೆಲಸ. ಇನ್ನೂ ಮೊದಲೇ ಆಗಬೇಕಾಗಿತ್ತೆಂಬುದು ನನ್ನ ಅಭಿಪ್ರಾಯ.

ಇದನ್ನು ಓದುವ ಕೊಡಗಿನವರಿಗೆ ವಾರ್‌ರೋಡ್ ಅಷ್ಟು ದೂರದ್ದೆನಿಸದು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕೊಡವ ಕುಟುಂಬಗಳನ್ನು ಕೂಡಿಸಿ ಮೊದಲು ಮಾಡಿದ ಹಾಕಿ ಉತ್ಸವದಲ್ಲಿ, 2024ರ ಹೊತ್ತಿಗೆ ನಾಪೋಕ್ಲಿನಲ್ಲಿ 360 ಕುಟುಂಬಗಳು ಕಣಕ್ಕಿಳಿದವು. ವರ್ಷಕ್ಕೊಂದು ಕುಟುಂಬ ಮುಂದೆ ನಿಂತು ಆತಿಥ್ಯದ ಭಾರವನ್ನು ಹೊರುತ್ತದೆ. ಹುಲ್ಲಿನ ಆಟ, ಮಂಜಿನ ಆಟ ಎಂಬ ಭೇದವನ್ನು ಬಿಟ್ಟರೆ, ಭಾರವನ್ನು ಹೆತ್ತವರೊಬ್ಬರ ಹೆಗಲಿಗೇ ಬಿಡದ ಬುದ್ಧಿ ಎರಡೂ ಕಡೆ ಒಂದೇ.

ಕೊರೊನಾ ಪಿಡುಗಿನ ಚಳಿಗಾಲದಲ್ಲಿ ಹಿಮಾಂಗಣಗಳ ಬಾಗಿಲು ಮುಚ್ಚಿದಾಗ, ವಾರ್‌ರೋಡಿನವರು ಗಡ್ಡೆಕಟ್ಟಿದ ತಮ್ಮ ನದಿಯ ಮೇಲಣ ಹಿಮವನ್ನು ಗುಡಿಸಿ, ಮನೆಮನೆಗಳ ಹಿತ್ತಲಿನಿಂದ ಹಾದುಹೋಗುವ ಮೈಲಿಗಟ್ಟಲೆ ಉದ್ದದ ಜಾರುದಾರಿಯೊಂದನ್ನು ಮಾಡಿದರು. ಅದನ್ನು ಅನಂತರದ ಚಳಿಗಾಲಗಳಲ್ಲಿಯೂ ಉಳಿಸಿಕೊಂಡು ಬಂದಿದ್ದಾರೆ. ಮಿನೆಸೋಟ ರಾಜ್ಯದಲ್ಲಿ ಕನ್ನಡಿಗರು ಅನೇಕರಿದ್ದಾರೆ; ಈ ಊರನ್ನು ಕಣ್ಣಾರೆ ನೋಡುವುದು ಅವರಿಗೆ ಕಷ್ಟವಲ್ಲ. ಮಿನಿಯಾಪೊಲಿಸಿನಿಂದ ಒಂದು ಹಗಲಿನ ಪ್ರಯಾಣ, ಕೆನಡಾದ ವಿನ್ನಿಪೆಗ್ಗಿನಿಂದ ಸುಮಾರು ಎರಡು ಗಂಟೆ. 11ನೆಯ ರಾಜ್ಯ ಹೆದ್ದಾರಿ ಊರೊಳಗಿಂದಲೇ ಹಾದುಹೋಗುತ್ತದೆ. ಹೋಗುವವರು ಜನವರಿಯಲ್ಲಿ ಹೋಗಬೇಕು, ದಪ್ಪನೆಯ ಬಟ್ಟೆ ತೊಟ್ಟು ಹೋಗಬೇಕು, ಮಕ್ಕಳ ಬೆಳಗಿನ ಅಭ್ಯಾಸದ ಹೊತ್ತಿಗೆ ಗಾರ್ಡನ್ಸಿನ ಬಾಗಿಲಲ್ಲಿರಬೇಕು. ಅದನ್ನು ನೋಡಲು ಟಿಕೇಟು ಬೇಕಾಗಿಲ್ಲ.